ಹಟ್ಟಿ ಈರಣ್ಣನವರು ತಮ್ಮ ಶ್ರದ್ಧಾಂಜಲಿಗೆ ಬಂದದ್ದು

ಮೊನ್ನೆ ಕನ್ನಡಕದ ಡಬ್ಬಿ ಹುಡುಕುತ್ತಾ ಬೀರುವಿನ ಕೆಳಖಾನೆಗೆ ಕೈ ಹಾಕಿದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ನಾಲ್ಕು ಮಡಿಕೆ ಹಾಕಿದ ಒಂದು ಹಾಳೆ ಈಚೆ ಬಂತು. ಬಿಚ್ಚಿದರೆ ನನ್ನದೇ ಅಕ್ಷರ. ‘........ನವರು ಸರಳ ಸಜ್ಜನಿಕೆಯ ವ್ಯಕ್ತಿಯಾಗಿದ್ದರು. ಮೃದುಭಾಷಿಯಾಗಿದ್ದರು. ಎಲ್ಲರೊಂದಿಗೂ ಬೆರೆಯುವ ಗುಣ ಅವರದಾಗಿತ್ತು. ಅವರ ಅಗಲಿಕೆ ನಮ್ಮ ಸಮಾಜಕ್ಕೆ ತುಂಬಲಾರದ ನಷ್ಟ.’ ಹೆಸರಿನ ಜಾಗದಲ್ಲಿ ಚುಕ್ಕಿಗಳು. ಸತ್ತವರು ಒಬ್ಬೊಬ್ಬರಾಗಿ ಬಂದು ಆ ಚುಕ್ಕಿಗಳ ಮೇಲೆ ಕೂತು ಹೋಗಬೇಕು, ಅಷ್ಟೇ ವ್ಯವಸ್ಥೆ. ಹೆಂಗಸರಾದರೆ ‘ವ್ಯಕ್ತಿ’ ಇದ್ದಲ್ಲಿ ‘ಗೃಹಿಣಿ’ ಎಂದು ಓದುತ್ತಿದ್ದೆ. ನಗಬೇಡಿ. ಈ ಒಂದೇ ಹಾಳೆಯಲ್ಲಿ ನಾನು ನಾಲ್ಕು ತಾಲ್ಲೂಕಿನ ಸಾವುಗಳನ್ನು ಹನ್ನೆರಡು ವರ್ಷ ನಿಭಾಯಿಸಿದ್ದೇನೆ.

ನಾನು ಮಧುಗಿರಿಯಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತನಾದವನು. ವೃತ್ತಿಯಲ್ಲಿದ್ದಷ್ಟು ಕಾಲವೂ ‘ಹ’ಕಾರಕ್ಕಾಗಿ ಹೋರಾಡಿದೆ. ‘ಹಳ್ಳಿ’ ಎನ್ನಿ ಎಂದರೆ ‘ಅಳ್ಳಿ’ ಎನ್ನುವ, ‘ಹಸು’ ಎನ್ನಿ ಎಂದರೆ ‘ಅಸ’ ಎನ್ನುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಬಾಯಿಯ ಮುಂದೆ ಅಂಗೈ ಹಿಡಿಸಿ, ಉಸಿರು ತಾಗುವವರೆಗೂ ಹೇಳಿಸಿದೆ. ಗೆದ್ದೆನೆಂದು ಹೇಳಲಾರೆ. ನಿವೃತ್ತನಾದ ದಿನ ಹಳೆಯ ವಿದ್ಯಾರ್ಥಿಗಳು ತಂದ ಹಾರವನ್ನು ಕೂಡ ‘ಆರ’ ಎಂದೇ ಕೊರಳಿಗೆ ಹಾಕಿದರು.

ನಮ್ಮ ಜನಾಂಗದ್ದೊಂದು ಸಂಘವಿದೆ. ಮೊದಲು ಕುರಿ ಕಾಯುತ್ತಿದ್ದವರು, ಈಗ ಕಾಯುವವರು ಕೆಲವರು, ಹೊಲ ಮಾಡುವವರು ಕೆಲವರು, ಕೂಲಿಗೆ, ಕಚೇರಿಗೆ ಹೋಗುವವರು ಉಳಿದವರು. ವರ್ಷಕ್ಕೊಮ್ಮೆ ಬೆಟ್ಟದ ಬುಡದ ಸಮುದಾಯ ಭವನದಲ್ಲಿ ಸಭೆ. ಶಿರಾ, ಕೊರಟಗೆರೆ, ಪಾವಗಡದಿಂದೆಲ್ಲ ಜನ ಬರುತ್ತಾರೆ. ಮೊದಲ ಕಲಾಪವೇ ಆ ವರ್ಷ ತೀರಿಕೊಂಡವರಿಗೆ ಶ್ರದ್ಧಾಂಜಲಿ. ವೇದಿಕೆಯ ಪಕ್ಕದ ಮೇಜಿನ ಮೇಲೆ ಸಾಲಾಗಿ ಫೋಟೋ ಇಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚಿರುತ್ತಾರೆ. ನಾನು ಓದಬೇಕು, ಜನ ಎದ್ದು ನಿಲ್ಲಬೇಕು, ಆಮೇಲೆ ಸಾಲಿನಲ್ಲಿ ಬಂದು ಹೂ ಹಾಕಬೇಕು. ನನಗೆ ಈ ಕೆಲಸ ಬಂದದ್ದು ಪಾಂಡಿತ್ಯದಿಂದಲ್ಲ. ಕರೆಂಟು ಹೋಗಿ ಮೈಕು ಕೈಕೊಟ್ಟರೂ ನನ್ನ ದನಿ ಹಿಂದಿನ ಕುರ್ಚಿಗೆ ಮುಟ್ಟುತ್ತಿತ್ತು.

ಆ ಹಾಳೆ ಎಂಥೆಂಥವರನ್ನು ನುಂಗಿತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ರಂಗಪ್ಪ ಎಂಬವರಿದ್ದರು. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಮೂರು ಸಲ ಕೂಗುವುದು ಅವರ ನೌಕರಿ. ಮನೆಯಲ್ಲಿಯೂ ಹೆಂಡತಿಯನ್ನು ಮೂರು ಸಲವೇ ಕೂಗುತ್ತಿದ್ದರು. ಮೊದಲೆರಡು ಕೂಗಿಗೆ ಆಕೆ ತಲೆಯನ್ನೇ ಎತ್ತುತ್ತಿರಲಿಲ್ಲ, ಮೂರನೆಯದಕ್ಕೆ ‘ಬಂದೆ ಸ್ವಾಮಿ’ ಎಂದು ಈಚೆ ಬರುತ್ತಿದ್ದರು. ಒಂದು ಸಲ ಮನೆಯೊಳಗೆ ಹಾವು ಬಂದಾಗಲೂ ಹೀಗೆಯೇ ಆಯಿತಂತೆ. ಹಾವು ಎರಡನೆಯ ಕೂಗಿಗೇ ಹೊರಟುಹೋಯಿತು. ಇಂಥ ರಂಗಪ್ಪನವರನ್ನು ನಾನು ‘ಸರಳ ಸಜ್ಜನಿಕೆಯ ವ್ಯಕ್ತಿ’ ಎಂದು ಓದಿ ಮುಗಿಸಿದೆ. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಇನ್ನೂ ಏನೋ ಬರುತ್ತದೆಂದು ಕಾಯುವವರ ಹಾಗೆ ನನ್ನನ್ನೇ ನೋಡುತ್ತಿದ್ದರು. ನಾನು ಅಷ್ಟು ಹೊತ್ತಿಗೆ ಮುಂದಿನ ಹೆಸರಿಗೆ ಹೋಗಿದ್ದೆ.

ಈರಣ್ಣನ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದಿನ ಸಭೆ. ತಾವರೆಕೆರೆ ಕಡೆಯಿಂದ ಯಾರೋ ಫೋನು ಮಾಡಿ ‘ಅಟ್ಟಿ ಈರಣ್ಣ ಓಗ್ಬುಟ್ಟ’ ಎಂದು ನಮ್ಮ ಕಾರ್ಯದರ್ಶಿ ನಂಜುಂಡಪ್ಪನಿಗೆ ತಿಳಿಸಿದ್ದರು. ನಂಜುಂಡಪ್ಪ ಸದಸ್ಯರ ಕಡತ ತೆಗೆದ, ಆ ಹಟ್ಟಿಯ ಒಬ್ಬ ಈರಣ್ಣನ ಫೋಟೋ ಸಿಕ್ಕಿತು, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ. ಒಂದು ಹಟ್ಟಿಯಲ್ಲಿ ಇಬ್ಬರು ಈರಣ್ಣರಿರಬಹುದೆಂದು ಅವನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಆ ಹೆಸರನ್ನು ಚುಕ್ಕಿಗಳ ಮೇಲೆ ಕೂರಿಸಿ, ದನಿಯಲ್ಲಿ ಸ್ವಲ್ಪ ಕಂಪನ ಬೆರೆಸಿ ಓದಿದೆ. ಜನ ಎದ್ದು ನಿಂತರು. ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದ ಎತ್ತರದ ಮುದುಕನೊಬ್ಬ ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ತಲೆ ಬಗ್ಗಿಸಿ ನಿಂತಿದ್ದು ನನಗೆ ಕಂಡಿತ್ತು. ನನ್ನ ಓದು ನಾಟಿದೆ ಎಂದು ಒಳಗೊಳಗೇ ಹಿಗ್ಗಿದೆ.

ಹೂ ಹಾಕುವ ಸಾಲಿನಲ್ಲಿ ಆ ಮುದುಕನೂ ಬಂದ. ಪೊರೆ ಬಂದ ಕಣ್ಣು, ತಡವರಿಸುತ್ತಲೇ ಒಂದೊಂದು ಫೋಟೋಕ್ಕೂ ಹೂ ಹಾಕಿ ಕೈಮುಗಿದ. ಕೊನೆಯ ಫೋಟೋಕ್ಕೂ ಹಾಕಿದ. ಅವನ ಹಿಂದೆ ನಿಂತಿದ್ದ, ತೆಲುಗು ಮನೆಮಾತಿನ ಪಾವಗಡದ ಹೆಂಗಸು ಫೋಟೋ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಕೈಯಲ್ಲಿದ್ದ ಹೂವೆಲ್ಲ ನೆಲಕ್ಕೆ ಬಿತ್ತು.

“ಅಯ್ಯೋ ದೇವುಡಾ! ಈಯನ ಬತಿಕೇ ಉನ್ನಾಡು ಕದಾ! ಮೇಷ್ಟ್ರೇ, ಸತ್ತೋರು ಇಲ್ಲೇ ನಿಂತವ್ರೆ!”

ಭವನದಲ್ಲಿ ಗುಲ್ಲೆದ್ದಿತು. ಕೆಲವರು ನಕ್ಕರು, ಇಬ್ಬರು ಹೆಂಗಸರು ಹೊರಗೆ ಓಡಿದರು, ನಂಜುಂಡಪ್ಪ ಅಡುಗೆ ನೋಡುವ ನೆಪದಲ್ಲಿ ಮಾಯವಾದ. ನಾನು ಬೆವರುತ್ತಾ ಮುದುಕನ ಹತ್ತಿರ ಹೋಗಿ ಕೈಮುಗಿದೆ. ಅವನು ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದ.

“ನಾನೇ ಕಣ್ರೀ,” ಎಂದ. ಆ ದನಿಗೆ ಕಿಟಕಿಯ ಗಾಜು ಅದುರಿತು. “ಓಗ್ಲಿ ಬುಡಿ, ಸಾಯ್ಸಿದ್ರಿ, ಇವತ್ತಲ್ಲ ನಾಳೆ ಸಾಯೋದೇ. ಅದೇನೋ ಅಂದ್ರಲ್ಲ, ಮುರ್ದುಬಾಸಿ. ಅಂಗಂದ್ರೇನು?”

“ಮೆತ್ತಗೆ ಮಾತಾಡುವವರು ಅಂತ.”

“ಯಾರು, ನಾನಾ?” ಈಗ ಅಡುಗೆಯವರೂ ಹೊರಗೆ ಬಂದರು. “ಈ ಕೆರೆ ಏರಿ ಮ್ಯಾಲೆ ನಿಂತ್ಕಂಡು ಕೂಗಿದ್ರೆ ಆ ಕೆರೆ ಏರಿ ಮ್ಯಾಲಿರೋ ಕುರಿ ತಿರುಗ್ತಿತ್ತು ಸ್ವಾಮಿ. ನನ್ತಾವ ಇದ್ದಿದ್ದು ಅದೊಂದೇ. ಸತ್ತ ದಿನಾನೇ ಅದ್ನೂ ಕಿತ್ಕಂಡ್ರಲ್ಲ!”

ಹನ್ನೆರಡು ವರ್ಷದಲ್ಲಿ ಸತ್ತವರಾರೂ ತಕರಾರು ಮಾಡಿರಲಿಲ್ಲ. ಅವರಿಗೆ ಅವಕಾಶ ಸಿಕ್ಕಿದ್ದರೆ ಎಷ್ಟು ಜನ ಸಾಲಾಗಿ ಬಂದು ನಿಲ್ಲುತ್ತಿದ್ದರೋ ಎಂಬ ಯೋಚನೆ ಆಗ ಮೊದಲ ಸಲ ಬಂತು.

“ಹಾಗಾದರೆ ತೀರಿಕೊಂಡದ್ದು ಯಾರು?” ಎಂದು ಕೇಳಿದೆ.

ಮುದುಕನ ದನಿ ಸ್ವಲ್ಪ ಇಳಿಯಿತು. “ದೊಡ್ಡೀರ. ನಮ್ ದಾಯಾದಿ. ಅವ್ನು ನಂಗಿಂತ ಅನ್ನೊಂದು ದಿನಕ್ಕೆ ದೊಡ್ಡೋನು, ಅದಕ್ಕೇ ನಾನು ಚಿಕ್ಕೀರ. ನಂಗೂ ಅವ್ನಿಗೂ ಮಾತಿರ್ಲಿಲ್ಲ. ಅದ್ನೆಂಟು ವರ್ಸ.” ಫೋಟೋವನ್ನು ಕೆಳಗಿಳಿಸಿ, “ಆದ್ರೂ ಇದು ನ್ಯಾಯಾನಾ? ಸತ್ತೋನಿಗೆ ಒಂದು ಊವಿಲ್ಲ, ಬದುಕಿರೋ ನಂಗೆ ಆರ. ನಡೀರಿ, ಅವ್ನ ಮನೆತಾಕೇ ಓಗಿ ಓದ್ಬನ್ನಿ. ನಾನೂ ಬತ್ತೀನಿ,” ಎಂದ.

ಊಟವಾದ ಮೇಲೆ ಹೊರಟೆವು. ಕಟ್ಟು ಹಾಕಿಸಿದ ಫೋಟೋ ತನ್ನದೇ ಎಂದು ಅವನು ಹಾರದ ಸಮೇತ ಬಗಲಲ್ಲಿ ಇಟ್ಟುಕೊಂಡ. ಶಿರಾ ಬಸ್ಸಿನಲ್ಲಿ ಹಾರ ಹಾಕಿದ ಫೋಟೋ ಕಂಡು ಜನ ದಾರಿ ಬಿಟ್ಟರು, ಒಬ್ಬಳು ಹುಡುಗಿ ಎದ್ದು ಸೀಟೂ ಕೊಟ್ಟಳು. ಕಿಟಕಿ ಪಕ್ಕದ ಹೆಂಗಸು ಮರುಕದಿಂದ, “ಯಾರಜ್ಜ ತೀರ್ಕಂಡಿದ್ದು?” ಎಂದಳು.

“ನಾನೇ ಕಣಮ್ಮ.”

ಆಕೆ ಫೋಟೋವನ್ನೊಮ್ಮೆ ಅವನನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡು ಡ್ರೈವರ್ ಹಿಂದಿನ ಜಾಗಕ್ಕೆ ಹೋಗಿ ನಿಂತಳು. ಶಿರಾ ಬರುವವರೆಗೂ ತಿರುಗಿ ನೋಡಲಿಲ್ಲ.

ದಾರಿಯಲ್ಲಿ ಜಗಳದ ಕಾರಣ ಕೇಳಿದೆ. ಚಿಕ್ಕೀರಣ್ಣ ಹೇಳಿದ್ದಿಷ್ಟು. ದೊಡ್ಡೀರಣ್ಣ ಒಂದು ನಾಯಿ ತಂದು ಅದಕ್ಕೆ ‘ಈರ’ ಎಂದು ಹೆಸರಿಟ್ಟ. ಅವನ ಹೆಸರೂ ಅದೇ ಆದರೂ, ಇಟ್ಟದ್ದು ತನ್ನನ್ನು ಹಂಗಿಸಲೆಂದೇ ಎಂದು ಈತನ ನಂಬಿಕೆ. ಎರಡು ಮನೆಗೂ ನಡುವೆ ಒಂದು ಮುಳ್ಳುಬೇಲಿ. ಬೇಲಿಯಾಚೆ ಆ ಮನೆಯ ಮಕ್ಕಳು ‘ಥೂ ಈರ, ಎಲೆಗೆ ಬಾಯಿ ಇಕ್ದ’, ‘ಈರಂಗೆ ಉಣ್ಣಾಗೈತೆ’, ‘ಈರ, ಒರಿಕ್ ನಡಿ’ ಎನ್ನುವುದು. ಬೇಲಿಯೀಚೆ ಈತ ಮುದ್ದೆ ಮುರಿಯುತ್ತಾ ಕೂತು ಕೇಳಿಸಿಕೊಳ್ಳುವುದು. ಒಂದು ವಾರ ತಡೆದು, ಬೇಲಿ ಹತ್ತಿರ ಹೋಗಿ ಬಾಯಿಗೆ ಬಂದಂತೆ ಕೂಗಾಡಿ ಮಾತು ಬಿಟ್ಟ. ನಾಯಿ ಸತ್ತು ಎಷ್ಟೋ ವರ್ಷವಾಗಿತ್ತು. ಜಗಳಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಹಟ್ಟಿ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ದೊಡ್ಡೀರಣ್ಣನ ಹೆಂಡತಿ ಸಣ್ಣಮ್ಮ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಮೈದುನ ಹದಿನೆಂಟು ವರ್ಷದ ಮೇಲೆ, ಅದೂ ತನ್ನದೇ ಫೋಟೋಕ್ಕೆ ಹಾರ ಹಾಕಿಕೊಂಡು ಬಂದದ್ದನ್ನು ನೋಡಿ ಆಕೆಗೆ ಏನನ್ನಿಸಿತೋ, “ಕೂತ್ಕ ಬಾ ಈರಣ್ಣ,” ಎಂದು ಜಗಲಿ ತೋರಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತೆಂದೆ. ಆಮೇಲೆ ಹಾಳೆ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ನಾಲ್ಕು ಸಾಲನ್ನೂ ಓದಿದೆ. ಮನೆಯಲ್ಲಿ ದೊಡ್ಡೀರಣ್ಣನ ಫೋಟೋ ಇರಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಅವನ ಕಂಬಳಿಯ ಕಡೆ ತಿರುಗಿ ಓದಿದೆ.

ಸಣ್ಣಮ್ಮ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. “ಎಲ್ರ ಜೊತೆ ಬೆರೆಯೋರಾ ಇವ್ರು? ನೆಂಟ್ರು ಬಂದ್ರೆ ಕುರಿ ದೊಡ್ಡೀಲಿ ಓಗಿ ಕುಂತ್ಕಳೋರು ಸ್ವಾಮಿ. ಆದ್ರೆ ಮೆತ್ತಗೆ ಮಾತಾಡೋರು ಅಂದ್ರಲ್ಲ, ಅದು ಮಾತ್ರ ದಿಟ. ಪಕ್ಕದಲ್ಲಿ ಮಲಗಿರೋ ನಂಗೇ ಕೇಳ್ತಿರ್ಲಿಲ್ಲ.”

ಚಿಕ್ಕೀರಣ್ಣ ಜಗಲಿಯ ಮೇಲೆ ಸುಮ್ಮನೆ ಕೂರಲಾರದೆ ಕೂತಿದ್ದ. ಕೊನೆಗೆ ಕೇಳಿಯೇಬಿಟ್ಟ. “ಅತ್ಗೆ, ಒಂದು ಮಾತು. ಆ ನಾಯಿಗೆ ನನ್ ಎಸ್ರು ಯಾಕಿಟ್ಟ ಅವ್ನು?”

“ನಿನ್ ಎಸ್ರು ಯಾರಿಟ್ರು? ಶಿರಾದಾಗೆ ಕುರಿ ಯಾಪಾರ ಮಾಡೋ ಸಾಬ್ರು ಮರಿ ಕೊಟ್ರು. ಅವ್ರೇ ಎಸ್ರಿಟ್ಟು ಕೊಟ್ಟಿದ್ರು, ಈರಾ ಅಂತ. ಅವ್ರ ಮಾತ್ನಾಗೆ ವಜ್ರ ಅಂತಂತೆ.”

ನಾನು ನೆಟ್ಟಗೆ ಕೂತೆ. “ಹೀರಾ?”

“ಊಂ, ಅದೇ. ಈರಾ.”

“ಸಣ್ಣಮ್ಮ, ಹೀ... ಹೀರಾ.”

“ಅದ್ನೇ ಅಲ್ವಾ ನಾನೂ ಯೋಳ್ತಿರೋದು? ಈರಾ.”

ನಾನು ಒಂದು ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನ ಮೇಲೆ ‘ಈರ’ ಎಂದು ಬರೆದೆ. ಅದರ ಪಕ್ಕ ‘ಹೀರಾ’ ಎಂದು ಬರೆದೆ. ಇಬ್ಬರಿಗೂ ಓದು ಬಾರದು ಎಂಬುದು ಬರೆದ ಮೇಲೆ ಹೊಳೆಯಿತು. ಆದರೂ ಮೇಷ್ಟ್ರ ಚಟ, ಬಿಡಿಸಿ ಹೇಳಿದೆ. ಇದು ನಿನ್ನ ಹೆಸರು, ಇದು ನಾಯಿಯದು, ನಡುವೆ ಇರುವುದು ಒಂದು ಉಸಿರು. ಚಿಕ್ಕೀರಣ್ಣ ಕೆಳಗಿಳಿದು ಬಂದು ಎರಡೂ ಹೆಸರುಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ಬೆರಳಿನಿಂದ ‘ಹೀ’ಯನ್ನು ಮುಟ್ಟಿದ.

“ಅಂದ್ರೆ ನಾನು ಅದ್ನೆಂಟು ವರ್ಸ ಒಂದು ವಜ್ರದ ಮ್ಯಾಲೆ ಸಿಟ್ಟು ಮಾಡ್ಕಂಡಿದ್ನಾ?”

ಅವನು ಎದ್ದು ಕಂಬಳಿಯ ಮುಂದೆ ಹೋಗಿ ನಿಂತು ಕೂಗಿದ. “ಲೇ ದೊಡ್ಡೀರ! ಬಾಯ್ಬುಟ್ಟು ಯೋಳಕ್ಕೆ ಏನಾಗಿತ್ಲಾ ನಿಂಗೆ!” ದೊಡ್ಡಿಯ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು.

ಸಣ್ಣಮ್ಮ ನಿಧಾನವಾಗಿ ಹೇಳಿದರು. “ಯೋಳಕ್ಕೆ ಎಲ್ಡು ಸಲ ಬೇಲಿತಾವ ಬಂದಿದ್ರು ಕಣಪ್ಪ. ನೀನು ಕೂಗಾಡ್ತಿದ್ದೆ. ನಿನ್ ಗಂಟ್ಲು ಮುಂದೆ ಅವ್ರ ಗಂಟ್ಲು ಎಲ್ಲಿ ಕೇಳೀತು? ಮನೇಗೆ ಬಂದು, ‘ಬುಡು, ಸುಮ್ನಾದ್ಮೇಲೆ ಯೋಳ್ತೀನಿ’ ಅಂದ್ರು. ನೀನು ಸುಮ್ನಾಗ್ಲೇ ಇಲ್ಲ.”

ಚಿಕ್ಕೀರಣ್ಣ ಕಂಬಳಿಯ ಒಂದು ಚುಂಗನ್ನು ಹಿಡಿದುಕೊಂಡ. ಬಹಳ ಹೊತ್ತು ಹಾಗೆಯೇ ನಿಂತಿದ್ದ, ಭುಜ ಮಾತ್ರ ಅಲುಗುತ್ತಿತ್ತು. ಆಗ ಅವನಿಂದ ಒಂದು ಸದ್ದೂ ಹೊರಡಲಿಲ್ಲ. ನಾನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅದನ್ನು ಮತ್ತೆ ಯಾವ ಸಭೆಯಲ್ಲಿಯೂ ಓದಲಿಲ್ಲ.

ಮುಂದಿನ ವರ್ಷದಿಂದ ಸಭೆಗೆ ಮೊದಲು ಸತ್ತವರ ಮನೆಗಳಿಗೆ ಹೋಗುವುದನ್ನು ಕಲಿತೆ. ಹೋದಲ್ಲೆಲ್ಲ ಟೀ ಕೊಡುತ್ತಾರೆ, ಮೊದಲು ‘ಒಳ್ಳೆಯವರಿದ್ದರು’ ಎನ್ನುತ್ತಾರೆ. ಲೋಟ ಖಾಲಿಯಾಗುವವರೆಗೆ ಸುಮ್ಮನಿದ್ದರೆ ನಿಜವಾದ ಮನುಷ್ಯ ಮೆಲ್ಲಗೆ ಈಚೆ ಬರುತ್ತಾನೆ. ಕೊರಟಗೆರೆಯ ಒಬ್ಬ ಅಜ್ಜಿ ಮಧುಗಿರಿಗೆ ಬಂದಾಗಲೆಲ್ಲ ಬೆಟ್ಟಕ್ಕೆ ಬೆನ್ನು ಹಾಕಿಯೇ ನಡೆಯುತ್ತಿದ್ದಳಂತೆ. ಅಷ್ಟು ದೊಡ್ಡ ಬಂಡೆ, ಕಣ್ಣಿಗೆ ಕಣ್ಣು ಸೇರಿದರೆ ಉರುಳಿಕೊಂಡು ಬಂದೀತೆಂದು. ಅದನ್ನೇ ಓದಿದೆ. ಸಭೆ ನಕ್ಕಿತು, ಆಕೆಯ ಮಗ ಎಲ್ಲರಿಗಿಂತ ಜೋರಾಗಿ ನಕ್ಕು ಕಣ್ಣೊರೆಸಿಕೊಂಡ. ರಂಗಪ್ಪನವರ ಹೆಂಡತಿಯ ಮನೆಗೂ ತಡವಾಗಿಯಾದರೂ ಹೋಗಿ ಬಂದೆ, ಮೂರು ಕೂಗಿನ ಕತೆಯೂ ಹಾವಿನ ಕತೆಯೂ ನನಗೆ ಸಿಕ್ಕಿದ್ದು ಅಲ್ಲಿಯೇ.

ಈ ವರ್ಷದ ಪಟ್ಟಿಯಲ್ಲಿ ಚಿಕ್ಕೀರಣ್ಣ ಬಂದ. ನಂಜುಂಡಪ್ಪ ಎರಡು ಸಲ ಫೋನು ಮಾಡಿ, ಒಂದು ಸಲ ತಾನೇ ಹೋಗಿ ಖಾತ್ರಿ ಮಾಡಿಕೊಂಡ. “ಈ ಸಲ ದಿಟ ಕಣಣ್ಣ,” ಎಂದನಂತೆ ಚಿಕ್ಕೀರಣ್ಣನ ಮಗ. ಹೋದ ಭಾನುವಾರ ಸಭೆಯಲ್ಲಿ ನಾನು ಚಿಕ್ಕೀರಣ್ಣನ ಹೆಸರು ಓದಿ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಕಡೆಯಿಂದ ಸಣ್ಣಮ್ಮ ಎದ್ದು ಬಂದು ಮೈಕಿಗೆ ಕೈ ಚಾಚಿದರು. ಕೊಟ್ಟೆ. ಮೈಕನ್ನು ಗಲ್ಲಕ್ಕೆ ಒತ್ತಿಕೊಂಡು ಹೇಳಿದರು.

“ಈತ ಬಾಳ ಕೂಗಾಡೋನು. ನಮ್ಮೆಜಮಾನ್ರು ಓದ್ಮೇಲೆ ಸೋಮ್ವಾರ ಸೋಮ್ವಾರ ಬಂದು ಜಗಲೀಲಿ ಕುಂತ್ಕಂಡು, ಮಳೆ ಮ್ಯಾಲೆ, ಮಕ್ಕಳ ಮ್ಯಾಲೆ, ಯಾರೂ ಇಲ್ದಿದ್ರೆ ಗೋಡೆ ಮ್ಯಾಲೆ ಕೂಗಾಡ್ಬುಟ್ಟು ಓಗೋನು. ಮನೇಗೆ ಒಂದು ಜನ ಇದ್ದಂಗಿತ್ತು. ಈಗ ಸೋಮ್ವಾರ ಬಂದ್ರೆ ನಂಗೆ ಏನು ಮಾಡ್ಬೇಕೋ ತಿಳೀವಲ್ದು.”

ಮೈಕು ನನ್ನ ಕೈಗೆ ಕೊಟ್ಟು ಹೋಗಿ ಕೂತರು. ನಂಜುಂಡಪ್ಪ ಹತ್ತಿರ ಬಂದು, “ಮೇಷ್ಟ್ರೇ, ನಿಮ್ಮದು ನಾಲ್ಕು ಮಾತು?” ಎಂದು ಪಿಸುಗುಟ್ಟಿದ. ನಾನು ಬೇಡವೆಂದು ತಲೆಯಾಡಿಸಿ ವೇದಿಕೆಯಿಂದ ಇಳಿದೆ. ಖಾಲಿಯಿದ್ದ ಒಂದು ಕುರ್ಚಿ ಹುಡುಕಿ ಜನರ ನಡುವೆ ಕೂತೆ, ಆಮೇಲೆ ಎಲ್ಲರೊಂದಿಗೆ ಎದ್ದು ನಿಂತೆ. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಮುದುಕ ನನ್ನ ಕಡೆ ಬಾಗಿ, “ತೀರ್ಕಂಡೋರು ನಿಮಗೇನಾಗ್ಬೇಕು?” ಎಂದು ಕೇಳಿದ.

“ಗೊತ್ತಿದ್ದವರು,” ಎಂದೆ. ಹನ್ನೆರಡು ವರ್ಷ ಆ ಹಾಳೆಯಿಂದ ಓದಿ ಕಳಿಸಿದ ಯಾರ ಬಗ್ಗೆಯೂ ನಾನು ಹೀಗೆ ಹೇಳಬಹುದಾಗಿರಲಿಲ್ಲ.