ಮುಚ್ಚಳದಲ್ಲಿ ಇಪ್ಪತ್ಮೂರು ಮೊನೆ

ಇಪ್ಪತ್ನಾಲ್ಕು ಇರಬೇಕಾದಲ್ಲಿ ಇಪ್ಪತ್ಮೂರೇ ಇದ್ದವು. ಗಡಿಯಾರದಜ್ಜ ಕಣ್ಣು ಕಿರಿದು ಮಾಡಿದರು. ಡಬ್ಬಿಯ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಎಣಿಸಿದರು. ಮತ್ತೆ ಅಷ್ಟೇ.

ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಅಂಗಡಿ ಮುಚ್ಚಿದ್ದರಿಂದ ಬೀದಿಯವರು ಇಟ್ಟ ಹೆಸರು ಗಡಿಯಾರದಜ್ಜ. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಹೊಳೆಯಲ್ಲಿ ಮೀನು ಹಿಡಿಯುವ ಗೆಳೆಯರಿಗೆ ಹುಸಿನೊಣ ಕಟ್ಟಿಕೊಡತೊಡಗಿದರು. ಗಾಳಕ್ಕೆ ಗರಿ, ನೂಲು ಸುತ್ತಿ, ನಿಜವಾದ ನೊಣವೆಂದೇ ಮೀನು ಬಾಯಿ ಹಾಕಬೇಕು, ಹಾಗೆ. ಆಮೇಲೆ ಹತ್ತಿದ್ದು ಅಲಂಕಾರದ ಹುಚ್ಚು: ಬೆರಳುದ್ದದ ಗಾಳಕ್ಕೆ ಬಿಳಿ ಗರಿಯ ರೆಕ್ಕೆ, ಹೊಟ್ಟೆಗೆ ಜರಿಯೆಳೆ, ಕೊರಳಿಗೊಂದು ಗಾಜಿನ ಮಣಿ. ವರ್ಷದ ಕೊನೆಯ ರಜೆಯಲ್ಲಿ ಕಿಟಕಿಗೆ ತೂಗುಹಾಕಲು. ಈ ಸಲ ಮಗಳು ಪಾಠ ಹೇಳುವ ಶಿಶುವಿಹಾರಕ್ಕೆ, ಮಗುವಿಗೊಂದರಂತೆ ಇಪ್ಪತ್ನಾಲ್ಕು.

ಕಟ್ಟಿ ಮುಗಿದ ಮೇಲೆ ಇಕ್ಕಳದಿಂದ ಗಾಳದ ಚೂಪು ಮೊನೆ ಕತ್ತರಿಸಿ ಮುಚ್ಚಳಕ್ಕೆ ಹಾಕುವುದು, ಕೊನೆಗೆ ಎಣಿಸುವುದು. ಬಿಚ್ಚಿದ ಸ್ಕ್ರೂ ಒಂದೂ ಕಳೆಯಬಾರದೆಂದು ಕಸುಬು ಕಲಿಸಿದ ಪಾಠ ಅದು. ಇವತ್ತು ಮಾತ್ರ ಎಣಿಸುವ ಮೊದಲೇ ಮಗಳು ಬಿರುಗಾಳಿಯಂತೆ ಬಂದು ಹುಸಿನೊಣಗಳ ಚೀಲ ಎತ್ತಿಕೊಂಡು ಹೋಗಿದ್ದಳು.

“ಯಾಕ್ರೀ, ಮುಖ ಬಿಳುಚಿಕೊಂಡಿದೆ?” ಎಂದರು ಹೆಂಡತಿ.

“ಒಂದರ ಮೊನೆ ಕತ್ತರಿಸಿಲ್ಲ ಕಣೇ. ಹತ್ತು ಗಂಟೆಗೆ ಮಕ್ಕಳ ಕೈಗೆ ಕೊಡ್ತಾಳೆ!”

“ಅಯ್ಯೋ ದೇವರೇ! ಸಕ್ಕರೆ ಕಾಯಿಲೆ ಇದೆ, ಡಾಕ್ಟರಿಗೆ ಕಣ್ಣು ತೋರಿಸಿ ಅಂತ ಎಷ್ಟು ಸಲ ಬಡ್ಕೊಂಡೆ!”

ಕಣ್ಣು ಕೈಕೊಟ್ಟರೇನು, ಬೆರಳಿದೆಯಲ್ಲ ಎಂಬುದು ಅಜ್ಜನ ಹಳೇ ರಾಗ. ಕೂದಲಿಗಿಂತ ತೆಳ್ಳನೆಯ ಸ್ಪ್ರಿಂಗನ್ನು ಕೂರಿಸಿದ ಬೆರಳುಗಳೆಂದು ಅವರಿಗೆ ಎಲ್ಲಿಲ್ಲದ ಜಂಬ. ಈಚೆಗಂತೂ ಹಬೆಯಾಡುವ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದು, “ನೋಡು, ಇದು ಕಸುಬಿನ ಕೈ” ಎಂದು ಮೀಸೆ ತಿರುವುತ್ತಿದ್ದರು. ಹೆಂಡತಿಯೂ ಹೌದೆಂದು ನಂಬಿದ್ದರು.

ಇವತ್ತು ಮೀಸೆ ತಿರುವುವ ಹೊತ್ತಲ್ಲ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಎದ್ದೆನೋ ಬಿದ್ದೆನೋ ಎಂದು ಎರಡು ಬೀದಿ ಓಡಿದರು. ಪುಟ್ಟ ನಾಲಿಗೆ, ಪುಟ್ಟ ಕಣ್ಣುಗುಡ್ಡೆ, ಅದರಲ್ಲಿ ಗಾಳ. ಬೇಡವೆಂದರೂ ಅದೇ ಕಾಣುತ್ತಿತ್ತು.

“ಕೊಡಬೇಡ! ಒಂದನ್ನೂ ಕೊಡಬೇಡ!”

ಬಾಗಿಲಲ್ಲಿ ನಿಂತು ಕಿರುಚಿದ ಅಪ್ಪನನ್ನು ಕಂಡು ಮಗಳು ಬೆಚ್ಚಿಬಿದ್ದಳು. ಪುಣ್ಯಕ್ಕೆ ಎಲ್ಲವೂ ಇನ್ನೂ ಕಿಟಕಿಗೆ ಕಟ್ಟಿದ ದಾರದಲ್ಲೇ ತೂಗುತ್ತಿದ್ದವು. ವಿಷಯ ತಿಳಿದದ್ದೇ ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿದಳು.

ಅಜ್ಜ ಒಂದೊಂದನ್ನೇ ಇಳಿಸಿ, ಎಡಗೈಯ ತೋರುಬೆರಳನ್ನು ಗಾಳದ ತುದಿಗೆ ಒತ್ತಿ ನೋಡಿದರು. ಇಪ್ಪತ್ನಾಲ್ಕೂ ಮುಗಿದವು. ಹೋದ ಜೀವ ಬಂದಂತಾಯಿತು.

“ಎಲ್ಲಾ ಮೊಂಡು. ಒಂದೂ ಚುಚ್ಚಲಿಲ್ಲ.”

“ಹಾಗಾದ್ರೆ ಆ ಮೊನೆ ಎಲ್ಲಿ ಹೋಯ್ತು?” ಎನ್ನುತ್ತಾ ಮಗಳು ಒಂದನ್ನು ಎತ್ತಿಕೊಂಡಳು. “ಅಪ್ಪಾ, ರೆಕ್ಕೆಗೆ ಕೆಂಪು ಬಣ್ಣ ಹಾಕಿದ್ರಾ?”

“ಇಲ್ವಲ್ಲ. ಬರೀ ಬಿಳಿ.”

ಮೇಜಿನ ಮೇಲಿದ್ದ ಪ್ರತಿಯೊಂದು ಬಿಳಿ ರೆಕ್ಕೆಯ ಮೇಲೂ ಕೆಂಪು ಕಲೆಯಿತ್ತು. ಮಗಳು ಅವರ ಎಡಗೈಯನ್ನು ಎಳೆದು ಮಗುಚಿದಳು. ತೋರುಬೆರಳಿನ ತುದಿಯಲ್ಲಿ ಉಕ್ಕಿನ ಚೂರೊಂದು ಅರ್ಧ ಹೊಕ್ಕು ನಿಂತಿತ್ತು. ರಕ್ತ ಅಂಗೈವರೆಗೆ ಹರಿದಿತ್ತು. ಇಪ್ಪತ್ನಾಲ್ಕನೆಯ ಮೊನೆ. ಕತ್ತರಿಸುವಾಗ ಸಿಡಿದು ಅಲ್ಲೇ ನಾಟಿತ್ತು.

“ಅಪ್ಪಾ! ನೋವಾಗ್ತಿಲ್ವಾ?”

ಅವಳು ಉಗುರಿನಲ್ಲಿ ಹಿಡಿದು ಮೊನೆಯನ್ನು ಕಿತ್ತಳು. ನೋವು ಬರಲೆಂದು ಅಜ್ಜ ಕಾದರು. ಬರಲಿಲ್ಲ. ಯಾರದೋ ಬೆರಳನ್ನು ನೋಡುತ್ತಿರುವಂತಿತ್ತು. ಬಿಸಿ ಲೋಟ ನೆನಪಾಯಿತು, ಅದರ ಹಿಂದೆಯೇ ಹೆಂಡತಿ ಹೇಳಿದ ಸಕ್ಕರೆ ಕಾಯಿಲೆ.

“ಹಾಗಾದ್ರೆ ನಾನೀಗ ಮುಟ್ಟಿ ನೋಡಿದ್ದು... ಲೆಕ್ಕ ಸರಿಹೋದ್ರೂ, ಕತ್ತರಿಸಿದ ತುದಿ ಚೂಪಾಗೇ ಉಳಿದಿದ್ರೆ ನಂಗೆ ಗೊತ್ತಾಗಿರಲ್ಲ.”

ಮಗಳು ಅವರ ಬೆರಳಿಗೆ ಕರವಸ್ತ್ರ ಸುತ್ತಿ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಮೊದಲನೆಯದನ್ನು ಎತ್ತಿಕೊಂಡು ತುದಿಗೆ ತನ್ನ ಬೆರಳು ತಂದಳು. ಇನ್ನೊಂದು ದಿನವಾಗಿದ್ದರೆ, ನನ್ನ ಕೆಲಸದ ಮೇಲೆ ಅನುಮಾನವೇ ಎಂದು ಅಜ್ಜ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದರು.

“ಮೆಲ್ಲಗೆ ಮುಟ್ಟಮ್ಮಾ,” ಎಂದರು. “ನಿಂಗೆ ಚುಚ್ಚುತ್ತೆ.”