ಸಾಯದ ಸೊಳ್ಳೆ, ತೆರೆಯದ ಬಾಗಿಲು

ಕಾಲೊನಿಯವರು ಅವಳನ್ನು ಸೊಳ್ಳೆ ಮೇಡಂ ಎನ್ನುತ್ತಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬರೀ ಸೊಳ್ಳೆ. ಕಟ್ಟಡ ಕೆಲಸದವರ ಆ ಶೀಟಿನ ಮನೆಗಳಿಗೆ ಬೆಳಕು ಹರಿಯುವಾಗಲೇ ಮಲೇರಿಯಾ ಸಂಶೋಧನಾ ಸಂಸ್ಥೆಯಿಂದ ಬಂದು, ರಬ್ಬರ್ ನಳಿಕೆ ಬಾಯಲ್ಲಿ ಕಚ್ಚಿಕೊಂಡು, ಗೋಡೆಗೆ ಕೂತ ಸೊಳ್ಳೆಗಳನ್ನು ಪರೀಕ್ಷೆಗೆಂದು ಗಾಜಿನ ಕೊಳವೆಯೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ನಡುವೆ ತೆಳು ಬಟ್ಟೆ ಕಟ್ಟಿರುತ್ತಾರೆ, ಸೊಳ್ಳೆ ಬಾಯಿಗೆ ಹೋಗುವುದಿಲ್ಲ. "ಉಪ್ಪು ಖಾರ ಏನಾದ್ರೂ ಬೇಕಾ ಮೇಡಂ?" ಎಂದು ಹಲ್ಲುಜ್ಜುತ್ತ ನಿಂತ ಗಂಡಸರು ಕಿಚಾಯಿಸುತ್ತಿದ್ದರು. ಬಾಯಲ್ಲಿ ನಳಿಕೆ ಇದ್ದವಳು ಕಣ್ಣಲ್ಲೇ ಬೈಯಬೇಕು.

ಈ ಜನರ ಬಾಗಿಲು ತೆಗೆಸಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಗೋಡೆಗೆ ಸೊಳ್ಳೆ ಔಷಧಿ ಹೊಡೆಸುವುದು ಹುಡುಗಾಟವಲ್ಲ. ಪಾತ್ರೆ, ಹಾಸಿಗೆ, ಕೂಸು, ಮುದುಕ, ಎಲ್ಲವನ್ನೂ ಬೀದಿಗೆ ಸಾಗಿಸಬೇಕು. ಅರ್ಧ ದಿನದ ಕೂಲಿ ಖೋತಾ. ಆಮೇಲೆ ಆ ವಾಸನೆ, ಆ ಬಿಳಿ ಕಲೆ. ರಕ್ತ ಕುಡಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಗೆ ಕೂರುತ್ತೆ, ಕೂತದ್ದು ಸಾಯುತ್ತೆ ಎಂದು ಮನೆಮನೆಗೂ ಹೇಳಿ ಅವಳ ಗಂಟಲು ಹೋಗಿತ್ತು. ಮೊದಲು ನಂಬಿದವಳು ದರ್ಜಿಯಮ್ಮ. ಅವಳು ಬಾಗಿಲು ತೆಗೆದಳೆಂದು ಆ ಸಾಲೇ ತೆಗೆಯಿತು. ನಂಬಿಕೆ ಎಷ್ಟು ಬಲಿಯಿತೆಂದರೆ ಜನ ಸೊಳ್ಳೆಪರದೆ ಕಟ್ಟುವುದನ್ನೇ ಬಿಟ್ಟರು. ಆ ಸೆಕೆಯಲ್ಲಿ ಪರದೆ ಯಾರಿಗೆ ಬೇಕು? ದರ್ಜಿಯಮ್ಮ ತನ್ನದನ್ನು ಕತ್ತರಿಸಿ ತರಕಾರಿ ಚೀಲ ಹೊಲಿದಳು.

ಆ ವರ್ಷ ಮಲೇರಿಯಾ ಮತ್ತೆ ಶುರುವಾಯಿತು. ಅದೂ ಔಷಧಿ ಹೊಡೆದ ಮನೆಗಳಲ್ಲೇ.

ಮೇಡಂ ಸಂಸ್ಥೆಯಲ್ಲಿ ಕಾಲೊನಿಯ ಸೊಳ್ಳೆಗಳನ್ನು ಪರೀಕ್ಷಿಸಲು ಕೂತಳು. ಅದೇ ಗೋಡೆ ಔಷಧಿ ಸವರಿದ ಕಾಗದ ಸುತ್ತಿದ ಕೊಳವೆಯೊಳಗೆ ಸೊಳ್ಳೆಗಳನ್ನು ಸ್ವಲ್ಪ ಹೊತ್ತು ಬಿಡುವುದು, ಆಮೇಲೆ ಬೇರೆ ಕೊಳವೆಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿಯಿಟ್ಟು, ಮಾರನೆಯ ದಿನ ಸತ್ತವೆಷ್ಟು ನೋಡುವುದು. ಸಕ್ಕರೆ ಕಾಯಿಲೆಯ ಅವಳ ಅತ್ತೆಗೆ ಈ ವಿಷಯದಲ್ಲಿ ಒಂದು ತಕರಾರಿತ್ತು: "ಸೊಳ್ಳೆಗಳಿಗೆ ಸಕ್ಕರೆ ನೀರು, ನಂಗೆ ಸಪ್ಪೆ ಚಹಾ. ಮುಂದಿನ ಜನ್ಮದಲ್ಲಿ ನಿನ್ನ ಕೊಳವೇಲೇ ಹುಟ್ತೀನಿ ಬಿಡು."

ಮಾರನೆಯ ದಿನ ಕಾಲೊನಿಯ ಸೊಳ್ಳೆಗಳು ಆರಾಮಾಗಿ ಹಾರಾಡುತ್ತಿದ್ದವು. ಕಾಗದವೇ ಕೆಟ್ಟಿರಬಹುದೆಂದು, ಸಂಸ್ಥೆಯಲ್ಲೇ ಸಾಕಿದ, ಔಷಧಿಯ ಮುಖ ನೋಡದ ಸೊಳ್ಳೆಗಳನ್ನು ಅದೇ ಕಾಗದದ ಮೇಲೆ ಬಿಟ್ಟಳು. ಅವು ಒಂದೂ ಉಳಿಯದೆ ಸತ್ತವು. ಅಲ್ಲಿಗೆ ಅನುಮಾನ ಹೋಯಿತು. ಕಾಲೊನಿಯ ಸೊಳ್ಳೆ ವಿಷ ಅರಗಿಸಿಕೊಳ್ಳಲು ಕಲಿತಿತ್ತು.

ಮೇಲಧಿಕಾರಿ ಕೆಟ್ಟವನೇನಲ್ಲ. "ಹೊಸ ಔಷಧಿ ಬರೋಕೆ ಒಂದು ವರ್ಷ ಬೇಕಮ್ಮ. ಇದು ಕೆಲಸಕ್ಕೆ ಬರಲ್ಲ ಅಂತ ಈಗ ಹೇಳಿದ್ರೆ ಬಾಗಿಲು ಹಾಕ್ಕೋತಾರೆ. ಆಮೇಲೆ ಹೊಸದು ತಗೊಂಡು ಹೋದ್ರೂ ತೆಗೆಯಲ್ಲ. ಸುಮ್ನಿರು. ಮುಂದಿನ ವಾರದ ಔಷಧಿ ಸುತ್ತು ನಡೀಲಿ."

"ಸುಮ್ನೆ ಗೋಡೆಗೆ ನೀರು ಹೊಡ್ಯೋದಾ ಸರ್?"

"ಬಾಗಿಲು ತೆಗೆಯೋ ಅಭ್ಯಾಸ ತಪ್ಪಬಾರದು, ಅಷ್ಟೆ."

ಜನರ ಒಳ್ಳೆಯದಕ್ಕೆಂದೇ ಜನರಿಗೆ ಸುಳ್ಳು ಹೇಳುವವರು ನಮ್ಮ ಜನಪರ ಚಳವಳಿಗಳಲ್ಲೂ ಬೇಕಾದಷ್ಟು ಸಿಗುತ್ತಾರೆ. ಎಷ್ಟೋ ಸಲ ಅವರ ಲೆಕ್ಕ ಸರಿಯಾಗಿಯೇ ಇರುತ್ತದೆ. ಸಂಕಟ ಇರುವುದೇ ಅಲ್ಲಿ.

ಮೇಡಂ ಎರಡು ದಿನ ಬಾಯಿ ಹೊಲಿದುಕೊಂಡು ಕೂತಳು. ದರ್ಜಿಯಮ್ಮನ ಸೊಸೆ ಬಸುರಿ. ಬಸುರಿಗೆ ಮಲೇರಿಯಾ ಬಂದರೆ ಎರಡು ಜೀವದ ಪ್ರಶ್ನೆ. ಆ ಹುಡುಗಿ ಪರದೆಯಿಲ್ಲದೆ, ಗೋಡೆ ನಂಬಿ ಮಲಗುತ್ತಿದ್ದಳು. ನಂಬಿಸಿದವಳು ತಾನು. ಕೊನೆಗೆ ಹೊಸ ಪರದೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ನಿಂತಳು.

"ಅಕ್ಕಾ, ಗೋಡೆ ಔಷಧಿ ಹಿಡೀತಾ ಇಲ್ಲ. ಸೊಸೆಗೆ ಇವತ್ತೇ ಪರದೆ ಕಟ್ಟಿ."

ದರ್ಜಿಯಮ್ಮ ಪೆಡಲು ತುಳಿಯುತ್ತಲೇ ಕೇಳಿದಳು, "ಯಾವಾಗಿಂದ?"

"ಗೊತ್ತಾಗಿದ್ದು ಈಗ. ಹೋದ ವರ್ಷದಿಂದಲೇ ಇರಬಹುದು."

"ಹಂಗಾದ್ರೆ ಹೋದ ವರ್ಷ ನನ್ನ ಪಾತ್ರೆಪಗಡೆ ಬೀದಿಗೆ ಹಾಕ್ಸಿದ್ದು ಸೊಳ್ಳೆಗಳಿಗೆ ಪ್ರದರ್ಶನ ಇಡೋಕಾ ತಾಯಿ?" ಎಂದವಳ ಕಾಲು ಗಕ್ಕನೆ ನಿಂತಿತು. "ಅವಳಿಗೆ ನಿನ್ನೆಯಿಂದ ಚಳಿ ಜ್ವರ. ಬಸುರಿ ಸುಸ್ತು ಅಂತ ಮಲಗಿಸಿದ್ದೀನಿ. ಗೋಡೆ ಕಾಯುತ್ತೆ ಅಂದಿದ್ಯಲ್ಲ, ಸೊಳ್ಳೆ ಜ್ವರ ಅಂತ ತಲೆಗೇ ಹೊಳೀಲಿಲ್ಲ ನಂಗೆ."

ಆಟೊ ತರಿಸಿ ಆಸ್ಪತ್ರೆಗೆ ಸಾಗಿಸಿದರು. ರಕ್ತದಲ್ಲಿ ಮಲೇರಿಯಾ ಇತ್ತು. ಹುಡುಗಿ ಬದುಕಿದಳು. ಮಗು ದಿನ ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದು, ಹೇಗೋ ಉಳಿಯಿತು.

ಔಷಧಿ ಸುತ್ತಿನ ದಿನ ಕಾಲೊನಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೇಡಂಳನ್ನು ಕಾಲೊನಿ ಕೆಲಸದಿಂದ ತೆಗೆದು ಸಂಸ್ಥೆಯ ಕೋಣೆಯೊಳಗೆ ಕೂರಿಸಿದರು. ವರ್ಷ ಕಳೆದು ಹೊಸ ಔಷಧಿ ಬಂತು. ಅಧಿಕಾರಿ ಹೇಳಿದಂತೆಯೇ ಯಾರೂ ಬಾಗಿಲು ತೆಗೆಯಲಿಲ್ಲ. ಔಷಧಿ ಪಂಪು ಹೊತ್ತವರು ಹೊಟ್ಟೆ ತುಂಬ ಬೈಗುಳ ತಿಂದು ವಾಪಸಾದರು. ಅಧಿಕಾರಿ ಅವಳನ್ನೇ ಕರೆಸಿದ. "ನೀನೇ ಹಾಕ್ಸಿದ್ದು, ನೀನೇ ತೆಗೆಸು."

ದರ್ಜಿಯಮ್ಮ ಹೊಸ್ತಿಲಲ್ಲೇ ಅಡ್ಡ ನಿಂತಳು. "ಇದು ಎಷ್ಟು ವರ್ಷ ಹಿಡಿಯುತ್ತೆ?"

"ಗೊತ್ತಿಲ್ಲ ಅಕ್ಕ."

"ಹಿಡೀದೆ ಹೋದ್ರೆ?"

"ಗೊತ್ತಾದ ಗಳಿಗೇಲೇ ಬಂದು ಹೇಳ್ತೀನಿ. ಹೋದ ಸಲದ ಹಾಗೆ ಎರಡು ದಿನ ಕೂರಲ್ಲ."

"ಎರಡು ದಿನ?"

ಅದು ದರ್ಜಿಯಮ್ಮನಿಗೆ ಗೊತ್ತಿರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಮೇಡಂಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಒಳಗೆ ಕೂಸು ಮಲಗಿತ್ತು, ಹಾಗಾಗಿ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಚಿಲಕ ಹಾಕಿಕೊಂಡಳು.

ಹಿಂದೆ ಪಂಪಿನವರು ಹೊರೆ ಇಳಿಸಿ ಬೀಡಿ ಹಚ್ಚಿದರು. ಮೇಡಂ ಪಕ್ಕದ ಮನೆಯ ಬಾಗಿಲು ತಟ್ಟಿದಳು.