ಬೇಲಿಯ ಮೇಲೆ ಒಣಗಿದ ಪಾಠ: ಲಕ್ಷ್ಮೀಬಾಯಿ ಗಲಗಲಿಯವರ ಸೇವೆಯ ನೆನಪು

ಹರೆಯಕ್ಕೆ ಕಾಲಿಡುವ ಮಕ್ಕಳಿಗೆ ಅವರ ದೇಹದ ವಿಚಾರವನ್ನು ತಿಳಿಸಿಕೊಡಲು ಇಂದು ಯೋಜನೆಗಳಿವೆ, ಕೈಪಿಡಿಗಳಿವೆ, ತರಬೇತಿಯ ಕೊನೆಗೆ ಗುಂಪು ಫೋಟೋ ಕೂಡ ಇದೆ. ಇವು ಯಾವುವೂ ಇಲ್ಲದಿದ್ದ ಕಾಲದಲ್ಲಿ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲೂ ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲೂ ಈ ಕೆಲಸಕ್ಕೆ ಮೊದಲ ಹೆಜ್ಜೆ ಇಟ್ಟವರು, ಆರೋಗ್ಯ ಶಿಕ್ಷಣಾಧಿಕಾರಿ ಶ್ರೀಮತಿ ಲಕ್ಷ್ಮೀಬಾಯಿ ಗಲಗಲಿಯವರು. ಅವರ ಕೈಕೆಳಗೆ ಆರೋಗ್ಯ ಸಹಾಯಕಿಯಾಗಿ ಸೇರಿ, ಅವರ ಪ್ರೀತಿಯನ್ನೂ ಬೈಗುಳವನ್ನೂ ಸಮಪಾಲಾಗಿ ಉಂಡ ನನಗೆ, ಅವರ ನಿವೃತ್ತಿಯ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ.

ಧಾರವಾಡದ ಸಪ್ತಾಪುರದಲ್ಲಿರುವ ಅವರ ಮನೆ ಸಂಗೀತದ ಮನೆ. ಪತಿ ಯಜ್ಞೇಶ್ವರರಾಯರು ಮುಂಭಾಗದ ಕೋಣೆಯಲ್ಲಿ ಹಾಡು ಕಲಿಸುತ್ತಿದ್ದರೆ, ಲಕ್ಷ್ಮೀಬಾಯಿಯವರು, ನಮ್ಮೆಲ್ಲರ ಬಾಯಿಯವರು, ನಡುಮನೆಯಲ್ಲಿ ನಿಂತು ಮರುದಿನದ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಒಮ್ಮೆ ರಾಯರು ಒಳಗೆ ಇಣುಕಿ, "ಪಾಠ ಭಾಳ ಛಲೋ ಅದ. ಆದ್ರ ಧ್ವನಿ ಒಂದೀಟು ಇಳಸು. ಕಲೀಲಿಕ್ಕೆ ಬಂದ ಹುಡುಗ್ರು ತಾಳ ತಪ್ಪಲಿಕ್ಕತ್ತಾರ" ಎಂದು ವಿನಂತಿಸಿದ್ದಕ್ಕೆ ನಾನೇ ಸಾಕ್ಷಿ.

ಆ ಧ್ವನಿಯಿಂದ ನನಗೆ ಉಪಕಾರವೇ ಆಗಿದೆ. ನಾನು ಊರೂರು ತಿರುಗುವ ನೌಕರಿ ಮಾಡುವುದು ನಮ್ಮ ತಂದೆ ಅಹಮದಸಾಬರಿಗೆ ಇಷ್ಟವಿರಲಿಲ್ಲ. ಬಾಯಿಯವರು ಹುಬ್ಬಳ್ಳಿಯ ನಮ್ಮ ಮನೆಗೆ ತಾವಾಗಿ ಬಂದು, ಚಹಾ ಕುಡಿದು, ಸಂಜೆಯವರೆಗೂ ವಾದಿಸಿದರು. ಅವರು ಹೋದ ಮೇಲೆ ತಂದೆ ಕಿವಿ ಉಜ್ಜಿಕೊಳ್ಳುತ್ತ, "ಹೋಗ್ ಬೇಟಾ. ಆ ಬಾಯಾರ ಜೋಡಿ ಇದ್ರ ನಿನ್ನ ತಂಟೆಕ ಯಾರೂ ಬರೂದಿಲ್ಲ" ಎಂದರು.

೧೯೯೭ರ ಮಳೆಗಾಲದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನಿಂದ ಬರಬೇಕಿದ್ದ ಪಾಠದ ಚಿತ್ರಪಟಗಳು ಬರಲಿಲ್ಲ. ಕಾಯುವುದು ಬಾಯಿಯವರ ಸ್ವಭಾವವಲ್ಲ. ಹುಬ್ಬಳ್ಳಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕಮರುದ್ದೀನ ಎಂಬುವವರಿಂದ ದೊಡ್ಡ ಬಟ್ಟೆಯ ಮೇಲೆ ಗರ್ಭಕೋಶದ ಚಿತ್ರ ಬರೆಸಿದರು. ಕಮರುದ್ದೀನರು ಜನ್ಮವಿಡೀ ದನದ ಮೇವಿನ ಹಿಂಡಿ ಅಂಗಡಿಗಳಿಗೆ ಎತ್ತಿನ ಚಿತ್ರ ಬರೆದವರು. ಗರ್ಭಕೋಶದ ಎಡಬಲದ ನಾಳಗಳಿಗೆ ಬಂದಾಗ ಅವರ ಕುಂಚ ತನ್ನ ಹಳೆಯ ರೂಢಿಯಂತೆಯೇ ತಿರುಗಿತ್ತು.

ಆ ಪಟ ಹಿಡಿದು ಮುಗದದ ಆಚೆಗಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಹೋದೆವು. ದಾರಿಯಲ್ಲಿ ಬಸ್ಸು ಸೋರಿ ಪಟ ತೊಯ್ದಿತ್ತು. ಬಿಸಿಲು ಬಿದ್ದೊಡನೆ ಬಾಯಿಯವರು ಅದನ್ನು ಶಾಲೆಯ ಬೇಲಿಯ ಮೇಲೆ ಹರವಿದರು. ಸ್ವಲ್ಪ ಹೊತ್ತಿನಲ್ಲೇ ರೈತರೊಬ್ಬರು ಕುಂಟುವ ಎತ್ತನ್ನು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಹೆಸರು ಶಿದ್ದಪ್ಪ.

"ಮೊನ್ನಿಯಿಂದ ಕುಂಟಾಕತ್ತೈತ್ರಿ. ಬೇಲಿ ಮ್ಯಾಲಿನ ಎತ್ತಿನ ಚಿತ್ರ ನೋಡಿ, ದನದ ಡಾಕ್ಟರ್ ಬಂದಾರಂತ ಹೊಡಕೊಂಡ ಬಂದ್ನಿ."

ಮುಖ್ಯೋಪಾಧ್ಯಾಯರಾದ ಬೀರಲಿಂಗಪ್ಪನವರು ಬಹಳ ಸಂಕೋಚದ ಮನುಷ್ಯರು. ನೆಲ ನೋಡುತ್ತಲೇ, "ಅದು ಸ್ತ್ರೀಯರ ಅಂತರಂಗದ ಅವಯವಕ್ಕೆ ಸಂಬಂಧಪಟ್ಟದ್ದು" ಎಂದರು.

ಶಿದ್ದಪ್ಪನವರು ಗಾಬರಿಯಾಗಿ, "ಅದು ಎತ್ತಿಗೂ ಬರತೈತೇನ್ರಿ ಸರ?" ಎಂದರು.

ಬಾಯಿಯವರು ಮುಂದೆ ಬಂದರು. "ಶಿದ್ದಪ್ಪಾ, ಅದು ಎತ್ತಿನ ತಲಿ ಅಲ್ಲ. ಗರ್ಭಕೋಶ. ನೀ ಹುಟ್ಟೋಕಿಂತ ಮೊದಲ ಇದ್ದ ಮನಿ ಅದ."

ಶಿದ್ದಪ್ಪನವರು ಪಟವನ್ನು ಮತ್ತೊಮ್ಮೆ ನೋಡಿ, ತಲೆಯ ರುಮಾಲು ತೆಗೆದು, "ಹಂಗಾರ ಕೈ ಮುಗೀಬೇಕಲ್ರಿ" ಎಂದು ಕೈ ಮುಗಿದೇ ಬಿಟ್ಟರು.

ಆರೋಗ್ಯಕ್ಕೆಂದು ಬಂದವರನ್ನು ಹಾಗೆಯೇ ಕಳಿಸುವುದು ಬಾಯಿಯವರಿಗೆ ಗೊತ್ತಿಲ್ಲ. ಎತ್ತಿನ ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು ಕಂಡಿತು. ಶಿದ್ದಪ್ಪನವರು ಕಿತ್ತರು, ಬಾಯಿಯವರು ಟಿಂಚರ್ ಹಚ್ಚಿದರು, ಎತ್ತು ನನ್ನ ಸೀರೆಯ ಮೇಲೆ ಸಗಣಿ ಹಾಕಿತು. ಇಷ್ಟಾದ ಮೇಲೆ ಮನೆಯ ಸಮಾಚಾರ ಕೇಳಿದಾಗ ತಿಳಿಯಿತು, ಅವರ ಮಗಳು ಸುಮಲತಾ ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದಳು.

"ಎತ್ತು ಕುಂಟಿದ ಕೂಡಲೇ ಹೊಡಕೊಂಡ ಬಂದಿ. ಮಗಳಿಗೇನಾಗ್ಯದ?"

"ಆಕಿಗೇನೂ ಜಡ್ಡಿಲ್ರಿ. ದೊಡ್ಡಾಕಿ ಆಗ್ಯಾಳ."

"ದೊಡ್ಡಾಕಿ ಆಗೂದು ಸಾಲಿ ಬಿಡೋ ಅಂಥ ಜಡ್ಡೇನು?"

"ಬೈಬ್ಯಾಡ್ರಿ ಬಾಯಾರ. ಕಲಸೂ ಆಸೆ ನನಗೂ ಐತಿ. ಆದ್ರ ಈ ಸಾಲ್ಯಾಗ ಹುಡಿಗ್ಯಾರು ಹೋಗಾಕ ಜಾಗಾ ಎಲ್ಲೈತ್ರಿ? ಗ್ವಾಡಿ ಹಿಂದ ಹೋದ್ರ ಹುಡುಗೂರು ಕಲ್ಲ ಒಗೀತಾವು."

ಬಾಯಿಯವರು ನಿಧಾನವಾಗಿ ಬೀರಲಿಂಗಪ್ಪನವರತ್ತ ತಿರುಗಿದರು. ಹಿತ್ತಲಲ್ಲಿ ಶೌಚಾಲಯವೊಂದು ಇದೆಯೆಂದೂ, ಮೇಲಧಿಕಾರಿಗಳು ಬಂದಾಗ ಬೇಕಾಗುತ್ತದೆಂದು ಕೀಲಿ ಹಾಕಿಟ್ಟಿದೆಯೆಂದೂ ಮುಖ್ಯೋಪಾಧ್ಯಾಯರು ಒಪ್ಪಿಕೊಂಡರು.

"ಹುಡಿಗ್ಯಾರು ಬಳಸಿದ್ರ ಹೊಲಸಾಕ್ಕೈತ್ರಿ ಬಾಯಾರ."

"ಅದನ್ನ ಕಟ್ಟಿದ್ದೇ ಅದಕ್ಕಲ್ರಿ ಸರ."

ಕೀಲಿ ತುಕ್ಕು ಹಿಡಿದಿತ್ತು. ಶಿದ್ದಪ್ಪನವರು ಕಲ್ಲಿನಿಂದ ಜಜ್ಜಿ ಮುರಿದರು. ಒಳಗೆ ಸುಣ್ಣದ ಗೋಡೆ ಅಚ್ಚಬಿಳಿ; ಉದ್ಘಾಟನೆಯ ದಿನದ ಚೆಂಡುಹೂವಿನ ಮಾಲೆ ಒಣಗಿ ತೂಗುತ್ತಿತ್ತು. ಆ ದಿನದ ಮೇಲೆ ಯಾವ ಮೇಲಧಿಕಾರಿಯೂ ಆ ಶಾಲೆಗೆ ಬಂದೇ ಇರಲಿಲ್ಲವೆಂದು ತೋರುತ್ತದೆ. ನಳವಿಲ್ಲ, ನೀರಿಗೇನು ಮಾಡುವುದೆಂದು ಬೀರಲಿಂಗಪ್ಪನವರು ಕೊನೆಯ ಆಕ್ಷೇಪ ಎತ್ತಿದಾಗ ಶಿದ್ದಪ್ಪನವರೇ, "ಎತ್ತಿನ ಕಾಲ ಆರಾಮ ಆಗ್ಲಿ, ನಮ್ಮ ಬಾವಿ ನೀರ ನಾ ತಂದ ಹಾಕ್ತೇನಿ" ಎಂದರು. ಹಾಗೆಯೇ ಮಾಡಿದರು.

ಮುಂದಿನ ವಾರ ನಾವು ಮತ್ತೆ ಪಾಠಕ್ಕೆ ಹೋದಾಗ ಸುಮಲತಾ ಶಾಲೆಗೆ ಬಂದಿದ್ದಳು. ಅವಳ ಕಾವಲಿಗೆಂದು ಬಂದ ಅಜ್ಜಿ ದೇವಕ್ಕ ಹಿಂದಿನ ಬೆಂಚಿನಲ್ಲಿ ಕುಳಿತು, ಪಾಠದ ತುಂಬ ತಾವೇ ಪ್ರಶ್ನೆ ಕೇಳಿದ್ದರಿಂದ ಹುಡುಗಿಯರಿಗೆ ಬಾಯಿ ತೆರೆಯಲು ಅವಕಾಶವೇ ಸಿಗಲಿಲ್ಲ. ಕೊನೆಗೆ ಆ ಹಿರಿಯರು ಸೆರಗಿನಿಂದ ಕಣ್ಣೊರೆಸಿಕೊಂಡು, "ಇದನ್ನೆಲ್ಲ ನಮಗ್ಯಾರೂ ಹೇಳಲಿಲ್ಲ ನೋಡವಾ. ಸಾಯ್ತೇನಿ ಅಂತ ತಿಳದು ಎರಡ ದಿನ ಕಾಳಿನ ಹಗೇದ ಮನ್ಯಾಗ ಅಡಗಿ ಕುಂತಿದ್ನಿ" ಎಂದಾಗ ನಗುತ್ತಿದ್ದ ಹುಡುಗಿಯರೆಲ್ಲ ಎದ್ದು ಅವರ ಸುತ್ತ ಬಂದು ಕುಳಿತರು. ಸುಮಲತಾ ಗಣಿತದಲ್ಲಿ ಒಮ್ಮೆ ನಪಾಸಾದರೂ ಬಿಡದೆ ಹತ್ತನೆಯ ಇಯತ್ತೆ ಮುಗಿಸಿ, ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರಖಾನೆಯೊಂದರಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಮೇಲ್ವಿಚಾರಕಿಯಾಗಿದ್ದಾಳೆ.

ಕಳೆದ ತಿಂಗಳ ಬೀಳ್ಕೊಡುಗೆ ಸಮಾರಂಭಕ್ಕೆ ಅವಳೂ ಬಂದಿದ್ದಳು. ಮುಖ್ಯ ಅತಿಥಿಗಳು ಬಾಯಿಯವರ ಸೇವೆಯನ್ನು ಹೊಗಳುತ್ತ, "ಹೆಣ್ಣುಮಕ್ಕಳಿಗೆ ಅವರು ಆ... ಅಂದರೆ... ಆ ಒಂದು ವಿಷಯದ ಬಗ್ಗೆ..." ಎಂದು ತಡವರಿಸತೊಡಗಿದರು. ಸನ್ಮಾನದ ಶಾಲು ಹೊದ್ದು ಕುಳಿತಿದ್ದ ಬಾಯಿಯವರು ಕುರ್ಚಿಯಿಂದಲೇ, "ಮುಟ್ಟು ಅನ್ರಿ ಸಾಹೇಬರ. ಏನೂ ಆಗೂದಿಲ್ಲ" ಎಂದರು. ಸಾಹೇಬರು ನೀರು ಕುಡಿದರು, ಅಂದರು, ಏನೂ ಆಗಲಿಲ್ಲ. ಸಭೆಯಲ್ಲಿದ್ದ ಹೆಂಗಸರು ತಟ್ಟಿದ ಚಪ್ಪಾಳೆ ಬಹಳ ಹೊತ್ತಾದರೂ ನಿಲ್ಲಲಿಲ್ಲ.

ಕಾರ್ಯಕ್ರಮ ಮುಗಿದು, ಹಾರಗಳನ್ನೆಲ್ಲ ನನ್ನ ಕೈಗೆ ತುರುಕುತ್ತ ಬಾಯಿಯವರು ಕೇಳಿದರು: "ಅಬೀದಾ, ಸೋಮವಾರ ಖಾಲಿ ಇದ್ದೀ ಏನು? ಕಲಘಟಗಿ ಕಡೆ ಒಂದು ಹುಡುಗರ ಹಾಸ್ಟೆಲ್ ಅದ. ಮೀಸಿ ಯಾಕ ಬರ್ತಾವಂತ ಆ ಹುಡುಗ್ರಿಗೆ ಯಾರೂ ಹೇಳೇ ಇಲ್ಲಂತ."

ದೇವರು ಅವರಿಗೆ ತುಂಬು ಆಯುಷ್ಯವನ್ನೂ ಗಟ್ಟಿ ಮೊಣಕಾಲುಗಳನ್ನೂ ಕೊಡಲಿ. ಸೋಮವಾರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿಯುವ ಹೊಣೆ ನನ್ನದು.